ಕೋಟೆಯ ಬೆನ್ನು: ಸಿಂಗಪುರದ ಸಿಲೋಸೊ ಕೋಟೆ, ಅದರ ಬಂಕರುಗಳು ಮತ್ತು ಒಂದು ಐತಿಹ್ಯ

ಕೋಟೆಯನ್ನು ಕಟ್ಟಿದ ಕಥೆಗಿಂತ ಕೋಟೆ ಬಿದ್ದ ಕಥೆ ಜನರ ನಾಲಗೆಯ ಮೇಲೆ ಹೆಚ್ಚು ಕಾಲ ಉಳಿಯುತ್ತದೆ. ಚಿತ್ರದುರ್ಗದಲ್ಲಿ ದಾರಿ ತೋರಿಸುವವರು ಏಳು ಸುತ್ತುಗಳ ವಿವರವನ್ನು ಬೇಗ ಮುಗಿಸಿ ಓಬವ್ವನ ಕಿಂಡಿಯ ಮುಂದೆ ನಿಲ್ಲುತ್ತಾರೆ. ಶ್ರೀರಂಗಪಟ್ಟಣದ ಗೋಡೆಯನ್ನು 1799ರ ಮೇ ತಿಂಗಳಲ್ಲಿ ಒಡೆದದ್ದು ಬ್ರಿಟಿಷರ ತೋಪುಗಳು ಎಂಬುದು ದಾಖಲೆಯ ಮಾತಾದರೆ, ಆ ಊರಿನಲ್ಲಿ ಇಂದಿಗೂ ಕೇಳಿಬರುವುದು ಮೀರ್ ಸಾದಿಕನ ದ್ರೋಹದ ಮಾತು. ಎರಡೂ ಕಡೆ ಜನಮನಸ್ಸು ಕೇಳಿಕೊಂಡ ಪ್ರಶ್ನೆ ಒಂದೇ: ಇಷ್ಟು ಬಲವಾದ ಕೋಟೆಯೊಳಗೆ ಶತ್ರು ಎಲ್ಲಿಂದ ನುಗ್ಗಿದ? ಉತ್ತರವೂ ಹೆಚ್ಚುಕಡಿಮೆ ಒಂದೇ ಬಗೆಯದು. ಕಾವಲಿಲ್ಲದ ಒಂದು ಕಿಂಡಿ, ಒಳಗಿನವನೊಬ್ಬ ತೆರೆದ ಬಾಗಿಲು, ಯಾರೂ ನೋಡದೆ ಬಿಟ್ಟ ಬೆನ್ನ ಕಡೆ. ಈ ಆಶಯವನ್ನು ನಾನು 'ಕೋಟೆಯ ಬೆನ್ನು' ಎಂದು ಕರೆಯುತ್ತೇನೆ.

ಪ್ರಸ್ತುತ ಲೇಖನದಲ್ಲಿ ಈ ಆಶಯವನ್ನು ಪರಿಶೀಲಿಸಲು ಆರಿಸಿಕೊಂಡಿರುವುದು ಕರ್ನಾಟಕದ ಕೋಟೆಯನ್ನಲ್ಲ. ಸಿಂಗಪುರದ ಸಿಲೋಸೊ ಕೋಟೆಯನ್ನು. ಅದಕ್ಕೆ ಕಾರಣ ಎರಡು. ಇಲ್ಲಿಯ ಐತಿಹ್ಯ ಹುಟ್ಟಿ ಇನ್ನೂ ನೂರು ವರ್ಷವಾಗಿಲ್ಲ. ಅದು ಹುಟ್ಟಿದ ಸಂದರ್ಭದ ಸೈನಿಕ ದಾಖಲೆಗಳು ಲಭ್ಯವಿರುವುದರಿಂದ ಮಾತನ್ನೂ ಘಟನೆಯನ್ನೂ ಎದುರುಬದುರು ಇಟ್ಟು ನೋಡಬಹುದು. ಎರಡನೆಯ ಕಾರಣ ಮೈಸೂರು ಸೀಮೆಗೆ ಸಂಬಂಧಿಸಿದ್ದು. ಅದನ್ನು ಮುಂದೆ ಹೇಳುತ್ತೇನೆ.

ಸಿಂಗಪುರದ ಮುಖ್ಯ ದ್ವೀಪದ ದಕ್ಷಿಣಕ್ಕೆ, ಕೆಪ್ಪೆಲ್ ಬಂದರಿನ ಆಚೆ ಬದಿಯಲ್ಲಿ ಸೆಂತೋಸಾ ಎಂಬ ಪುಟ್ಟ ದ್ವೀಪವಿದೆ. ಅದರ ಪಶ್ಚಿಮದ ತುದಿಯಲ್ಲಿ ಸಿಲೋಸೊ ಗುಡ್ಡ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನಿಂದ ಚೀನಾ ಕಡೆಗೆ ಹೋಗುವ ಉಗಿಹಡಗುಗಳ ಸಂಖ್ಯೆ ಹೆಚ್ಚಿತು. ಅವು ಕಲ್ಲಿದ್ದಲು ತುಂಬಿಕೊಳ್ಳಲು ಸಿಂಗಪುರದಲ್ಲಿ ನಿಲ್ಲತೊಡಗಿದವು. ಆ ಕಲ್ಲಿದ್ದಲಿನ ರಾಶಿಯನ್ನೂ ಬಂದರನ್ನೂ ಕಾಯುವ ಸಲುವಾಗಿ 1870ರ ದಶಕದ ಕೊನೆಯಲ್ಲಿ ಬ್ರಿಟಿಷರು ಸಿಲೋಸೊ ಗುಡ್ಡದ ನೆತ್ತಿಯನ್ನು ಕಡಿದು ಸಮಮಾಡಿ ತೋಪುಗಳನ್ನು ನಿಲ್ಲಿಸಿದರು. ಎದುರು ದಡದ ಲ್ಯಾಬ್ರಡಾರ್ ಗುಡ್ಡದ ಮೇಲೂ ಅಂಥದೇ ತೋಪುಗಳಿದ್ದವು. ಎರಡರ ನಡುವೆ ಇರುವುದು ಬಂದರಿನ ಪಶ್ಚಿಮದ ಕಿರಿದಾದ ಬಾಯಿ. ಹಳೆಯ ಚೀನೀ ನಾವಿಕರು ಗುರುತಿಟ್ಟುಕೊಂಡಿದ್ದ 'ಡ್ರ್ಯಾಗನ್ ಹಲ್ಲಿನ ಬಾಗಿಲು' ಎಂಬ ಬಂಡೆ ಈ ಬಾಯಲ್ಲೇ ಇತ್ತು. ಹಡಗಿನ ದಾರಿ ಅಗಲಮಾಡಲು 1848ರಲ್ಲಿ ಅದನ್ನು ಸಿಡಿಸಿದರು. ಮಂಗಳೂರಿನ ಸುಲ್ತಾನ್ ಬತ್ತೇರಿಯನ್ನು ನೋಡಿದವರಿಗೆ ಈ ಏರ್ಪಾಡು ತಟ್ಟನೆ ತಿಳಿಯುತ್ತದೆ. ಟಿಪ್ಪು ಗುರುಪುರ ಹೊಳೆಯ ಬಾಯಿಯಲ್ಲಿ ಮಾಡಿದ್ದೂ ಇದನ್ನೇ: ನೀರು ಎಲ್ಲಿ ಇಕ್ಕಟ್ಟಾಗುತ್ತದೆಯೋ ಅಲ್ಲಿ ಕಣ್ಣಿಡುವುದು.

ಆದರೆ ಸಿಲೋಸೊದಲ್ಲಿ ಸುಲ್ತಾನ್ ಬತ್ತೇರಿಯಂಥ ಕಟ್ಟಡ ಕಾಣಿಸುವುದಿಲ್ಲ. ಕೋಟೆ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಕೊತ್ತಲ, ಕಂದಕ, ದಿಡ್ಡಿ ಬಾಗಿಲು ಇಲ್ಲಿ ಯಾವುದೂ ಇಲ್ಲ. ಹಡಗಿನ ತೋಪುಗಳ ಬಲ ಹೆಚ್ಚಿದಂತೆ ಎತ್ತರದ ಗೋಡೆ ನಿರುಪಯುಕ್ತವಾಗಿ, ಕೋಟೆ ಮಣ್ಣಿನೊಳಗೆ ಇಳಿಯಿತು. 2015ರಲ್ಲಿ ತೆರೆದ, ಹನ್ನೊಂದು ಅಂತಸ್ತಿನಷ್ಟು ಎತ್ತರದ, 181 ಮೀಟರ್ ಉದ್ದದ ಕಾಲುಸೇತುವೆಯ ಮೇಲೆ ಮರಗಳ ತಲೆಗಳ ನಡುವೆ ನಡೆದು ಬರುವವರಿಗೆ ಕೆಳಗೆ ಕಾಣುವುದು ಕಾಡು ಮಾತ್ರ. ಹತ್ತಿರ ಹೋದಾಗ ಹುಲ್ಲಿನ ದಿಬ್ಬದ ಮಗ್ಗುಲಲ್ಲಿ ಕಬ್ಬಿಣದ ಬಾಗಿಲು, ಅದರಾಚೆ ತಂಪಾದ ಸುರಂಗ. ನಾನು ಹೋದ ದಿನ ಬೆಳಿಗ್ಗೆಯೇ ಮಳೆ ಹೊಡೆದು ನಿಂತಿತ್ತು. ಒಳಗೆ ಗೋಡೆಗಳ ಮೇಲೆಲ್ಲ ನೀರ ಹನಿ. ಎತ್ತರದವರು ತಲೆ ತಗ್ಗಿಸಬೇಕಾದಷ್ಟು ಕಿರಿದಾದ ಜಾಗಗಳೂ ಇವೆ.

ಈ ನೆಲದಡಿಯ ಕೋಣೆಗಳನ್ನು ಪ್ರವಾಸಿಗರು ಬಂಕರ್ ಎಂದು ಒಟ್ಟಾಗಿ ಕರೆಯುತ್ತಾರೆ. ಇವುಗಳಲ್ಲಿ ಹಲವು ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮದ್ದಿನ ಮನೆಗಳು. ಗುಂಡನ್ನು ಒಂದು ಕಡೆ, ಮದ್ದಿನ ಚೀಲವನ್ನು ಇನ್ನೊಂದು ಕಡೆ ಇಟ್ಟು, ಬೇಕಾದಾಗ ಮೇಲಿನ ತೋಪಿನ ಕಟ್ಟೆಗೆ ಎತ್ತಿಕೊಡುವ ವ್ಯವಸ್ಥೆ. ದೀಪದ ಕಿಡಿ ಮದ್ದಿಗೆ ತಾಗಬಾರದು, ತೇವವೂ ತಾಗಬಾರದು ಎಂಬ ಎರಡು ಭಯಗಳ ನಡುವೆ ಇಡೀ ಸುರಂಗದ ರಚನೆ ನಿಂತಿದೆ. ಶ್ರೀರಂಗಪಟ್ಟಣದಲ್ಲಿ ನೆಲದ ಮಟ್ಟಕ್ಕಿಂತ ಕೆಳಗೆ ಕಟ್ಟಿರುವ ಮದ್ದಿನ ಮನೆಗಳನ್ನು ನೋಡಿದವರಿಗೆ ತತ್ತ್ವ ಹೊಸದೇನಲ್ಲ. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರುವ ತೋಪುಗಳಲ್ಲಿ ಎಲ್ಲವೂ ಈ ಕೋಟೆಯವಲ್ಲ. ಬೇರೆ ಬೇರೆ ಕಾಲದವನ್ನು, ಬೇರೆ ಬೇರೆ ಕಡೆಯಿಂದ ತಂದು ಕೂಡಿಸಲಾಗಿದೆ. 1942ರ ಯುದ್ಧದ ಕಾಲದಲ್ಲಿ ಇಲ್ಲಿ ಕೆಲಸದಲ್ಲಿದ್ದವು ಆರು ಅಂಗುಲದ ಎರಡು ತೋಪುಗಳು.

ತೋಪಿನ ಕಟ್ಟೆಯ ಬಳಿ ನಾನು ನಿಂತಿದ್ದಾಗ ಕನ್ನಡದ ಮಾತು ಕಿವಿಗೆ ಬಿತ್ತು. ಬೆಂಗಳೂರಿನ ಕಡೆಯ ಒಂದು ಕುಟುಂಬ. ತಂದೆ ಮಗನಿಗೆ ಹೇಳುತ್ತಿದ್ದರು: "ನೋಡು, ಎಲ್ಲಾ ಫಿರಂಗಿ ಸಮುದ್ರದ ಕಡೆಗೆ ಇಟ್ಬಿಟ್ಟಿದ್ರು. ತಿರುಗಿಸೋಕೇ ಆಗ್ತಿರ್ಲಿಲ್ಲ. ಜಪಾನಿನವ್ರು ಸೈಕಲ್ ಮೇಲೆ ಹಿಂದಿನಿಂದ ಬಂದ್ರು." ಮಗ ನಕ್ಕ. ತಂದೆಗೆ ಈ ಮಾತು ಎಲ್ಲಿಂದ ಬಂತು ಎಂದು ವಿಚಾರಿಸಿದೆ. ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ಎಂದರು. ನನಗೂ ಅದು ಶಾಲೆಯಿಂದಲೇ ಬಂದದ್ದು. ಕೋಟೆಯ ಮಾರ್ಗದರ್ಶಕ ಯುವಕನನ್ನು ಕೇಳಿದಾಗ, ಬರುವ ಪ್ರತಿಯೊಂದು ಗುಂಪಿನಲ್ಲಿಯೂ ಒಬ್ಬರಾದರೂ ಇದನ್ನು ಹೇಳುತ್ತಾರೆ ಎಂದು ಆತ ನಕ್ಕ. ಒಂದು ಐತಿಹ್ಯ ಎಷ್ಟು ದೂರ ಹರಡಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಈಗ ದಾಖಲೆಯ ಕಡೆಗೆ ಬರೋಣ. ಜಪಾನಿನ ಸೇನೆ 1941ರ ಡಿಸೆಂಬರ್ 8ರಂದು ಮಲಯದ ಈಶಾನ್ಯ ತೀರದ ಕೋತಾ ಬಾರುವಿನಲ್ಲಿ ಇಳಿಯಿತು. ಎರಡೇ ದಿನಗಳಲ್ಲಿ ಬ್ರಿಟಿಷರ 'ಪ್ರಿನ್ಸ್ ಆಫ್ ವೇಲ್ಸ್' ಮತ್ತು 'ರಿಪಲ್ಸ್' ಯುದ್ಧನೌಕೆಗಳು ವಿಮಾನದಾಳಿಯಲ್ಲಿ ಮುಳುಗಿದವು. ಅಲ್ಲಿಂದ ದಕ್ಷಿಣಕ್ಕೆ ಇಡೀ ಪರ್ಯಾಯ ದ್ವೀಪವನ್ನು ಸುಮಾರು ಏಳು ವಾರಗಳಲ್ಲಿ ದಾಟಿ ಬಂದ ಸೇನೆಗೆ ಎದುರಾದದ್ದು ಜೊಹೊರ್ ಜಲಸಂಧಿ. ಬ್ರಿಟಿಷರು 1942ರ ಜನವರಿ 31ರಂದು ಅಲ್ಲಿಯ ಸೇತುಬಂಧವನ್ನು ಒಡೆದರು. ಫೆಬ್ರುವರಿ 8ರ ರಾತ್ರಿ ಜಪಾನೀಯರು ದೋಣಿಗಳಲ್ಲಿ ಜಲಸಂಧಿ ದಾಟಿದರು. ಫೆಬ್ರುವರಿ 15ರಂದು ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಜನರಲ್ ಪರ್ಸಿವಲ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು.

ಈ ಒಂದು ವಾರದಲ್ಲಿ ಕರಾವಳಿಯ ತೋಪುಗಳು ಸುಮ್ಮನಿರಲಿಲ್ಲ. ಚಾಂಗಿಯ ಕಡೆಯ ಹದಿನೈದು ಅಂಗುಲದ ದೈತ್ಯ ತೋಪುಗಳೂ ಇದೇ ದ್ವೀಪದ ಕನಾಟ್ ಕೊತ್ತಲದ 9.2 ಅಂಗುಲದ ತೋಪುಗಳೂ ಸಿಲೋಸೊ, ಲ್ಯಾಬ್ರಡಾರ್‌ಗಳ ಆರು ಅಂಗುಲದ ತೋಪುಗಳೂ ನೆಲದ ಕಡೆಗೆ ತಿರುಗಿ ಗುಂಡು ಹಾರಿಸಿದವು. ಹಾಗಾದರೆ ಅವು ಯುದ್ಧದ ಗತಿಯನ್ನು ಏಕೆ ಬದಲಿಸಲಿಲ್ಲ? ಉತ್ತರ ಮದ್ದಿನ ಮನೆಯಲ್ಲಿದೆ. ಈ ಬಂಕರುಗಳಲ್ಲಿ ಕೂಡಿಟ್ಟ ಗುಂಡುಗಳಲ್ಲಿ ಹೆಚ್ಚಿನವು ಕವಚಭೇದಕ ಗುಂಡುಗಳು, ಹಡಗಿನ ದಪ್ಪ ಉಕ್ಕನ್ನು ತೂತು ಮಾಡಿ ಒಳಗೆ ಸಿಡಿಯುವಂಥವು. ರಬ್ಬರ್ ತೋಟದ ಮೆತ್ತನೆಯ ಮಣ್ಣಿಗೆ ಬಿದ್ದರೆ ಅವು ಆಳಕ್ಕೆ ಹೂತುಹೋಗುತ್ತವೆ. ಚದುರಿ ಬರುವ ಕಾಲಾಳುಗಳಿಗೆ ಬೇಕಾದದ್ದು ಮೇಲ್ಮೈಯಲ್ಲೇ ಚೂರಾಗುವ ಸಿಡಿಗುಂಡು; ಅದು ಬಹಳ ಕಡಮೆಯಿತ್ತು. ಜೊತೆಗೆ ಕರಾವಳಿ ತೋಪಿನ ಗುಂಡು ಚಪ್ಪಟೆ ಹಾದಿಯಲ್ಲಿ ಹೋಗುತ್ತದೆ, ಗುಡ್ಡದ ಮರೆಯಲ್ಲಿರುವವನ ಮೇಲೆ ಬೀಳುವುದಿಲ್ಲ. ತೋಪಿನ ಬಾಯಿ ಯಾವ ಕಡೆಗಿತ್ತು ಎಂಬುದು ಮುಖ್ಯವಾಗಿರಲಿಲ್ಲ. ಅದರ ಹೊಟ್ಟೆಗೆ ಏನು ತುಂಬಿದ್ದರು ಎಂಬುದು ಮುಖ್ಯವಾಗಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಶತ್ರು ಉತ್ತರದ ನೆಲದಾರಿಯಲ್ಲಿ ಬರಬಹುದೆಂದು ಯಾರೂ ಊಹಿಸಿರಲಿಲ್ಲ ಎಂಬ ಮಾತು ಸತ್ಯವಲ್ಲ. 1930ರ ದಶಕದ ಉತ್ತರಾರ್ಧದಲ್ಲಿ ಮಲಯದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಡಾಬಿ ಇದನ್ನು ಸ್ಪಷ್ಟವಾಗಿ ಲೆಕ್ಕ ಹಾಕಿದ್ದರು. ಜಪಾನೀಯರು ಸಯಾಮಿನ ಸಿಂಗೋರ, ಪಟ್ಟಾಣಿ ಮತ್ತು ಮಲಯದ ಕೋತಾ ಬಾರುಗಳಲ್ಲಿ ಇಳಿಯಬಹುದು, ಈಶಾನ್ಯ ಮಾರುತದ ಮಳೆಗಾಲದಲ್ಲಿಯೂ ಇಳಿಯಬಹುದು ಎಂದು ಅವರ ಅಧ್ಯಯನ ಹೇಳಿತು. ಆ ಲೆಕ್ಕದಲ್ಲಿ ಅವರಿಗೆ ನೆರವಾದ ಹಿರಿಯ ಅಧಿಕಾರಿ ಮತ್ತಾರೂ ಅಲ್ಲ, ಐದು ವರ್ಷಗಳ ಬಳಿಕ ಶರಣಾಗತಿಗೆ ಸಹಿ ಹಾಕಬೇಕಾಗಿ ಬಂದ ಅದೇ ಪರ್ಸಿವಲ್. ಯುದ್ಧ ಹತ್ತಿರವಾದಾಗ ಮುಖ್ಯ ಎಂಜಿನಿಯರ್ ಬ್ರಿಗೇಡಿಯರ್ ಸಿಮ್ಸನ್ ಉತ್ತರ ತೀರದಲ್ಲಿ ರಕ್ಷಣಾ ಕಾಮಗಾರಿ ಮಾಡಲು ಪಟ್ಟು ಹಿಡಿದರು. ಅಂಥ ಕಾಮಗಾರಿ ಸೈನಿಕರ, ನಾಗರಿಕರ ಧೈರ್ಯ ಕುಗ್ಗಿಸುತ್ತದೆಂದು ಪರ್ಸಿವಲ್ ಒಪ್ಪಲಿಲ್ಲವೆಂದು ಸಿಮ್ಸನ್ ಬರೆದಿಟ್ಟಿದ್ದಾರೆ. ಇತ್ತ ಲಂಡನ್ನಿನಲ್ಲಿ ಚರ್ಚಿಲ್, ಕೋಟೆಯ ಹಿಂಬದಿಗೆ ಶಾಶ್ವತ ರಕ್ಷಣೆಯೇ ಇಲ್ಲವೆಂಬ ಸಂಗತಿ ತಮಗೆ ಹೊಳೆದಿರಲಿಲ್ಲವೆಂದು ಯುದ್ಧಾನಂತರದ ತಮ್ಮ ಸ್ಮೃತಿಸಂಪುಟದಲ್ಲಿ ಒಪ್ಪಿಕೊಂಡರು. ಯುದ್ಧ ಆರಂಭವಾದಾಗ ಮಲಯದಲ್ಲಿ ಬ್ರಿಟಿಷರ ಒಂದೂ ಟ್ಯಾಂಕ್ ಇರಲಿಲ್ಲ. ವಿಮಾನಗಳು ಹಳೆಯವು, ಸಂಖ್ಯೆಯಲ್ಲಿಯೂ ಸಾಲದು.

ಹೀಗೆ ಸೋಲಿಗೆ ಕಾರಣಗಳು ಹಲವು: ಕಡತದಲ್ಲಿ ಕೊಳೆತ ಎಚ್ಚರಿಕೆ, ಯುರೋಪಿನ ಯುದ್ಧಕ್ಕೆ ಹೋದ ಸಾಮಗ್ರಿ, ತರಬೇತಿ ಮುಗಿಯದೆ ಕಳಿಸಿದ ದಳಗಳು, ಏಷ್ಯದವರ ಸಾಮರ್ಥ್ಯದ ಬಗೆಗಿನ ತಾತ್ಸಾರ. ಇವೆಲ್ಲವನ್ನು ಐತಿಹ್ಯ ಒಂದೇ ಚಿತ್ರಕ್ಕೆ ಇಳಿಸಿತು: ತಪ್ಪು ದಿಕ್ಕಿಗೆ ಮುಖ ಮಾಡಿ ನಿಂತ ತೋಪು. ಐತಿಹ್ಯಗಳ ಸ್ವಭಾವವೇ ಹೀಗೆ. ಕಣ್ಣಿಗೆ ಕಾಣುವ, ಕೈಯಿಂದ ಮುಟ್ಟಬಹುದಾದ ವಸ್ತುವೊಂದಕ್ಕೆ ಅದು ನೇತುಬೀಳುತ್ತದೆ. ಓಬವ್ವನ ಕಥೆಗೆ ಕಿಂಡಿ ಬೇಕು, ಇಲ್ಲಿಯ ಕಥೆಗೆ ತೋಪು ಬೇಕು. ಆದರೆ ಒಂದು ವ್ಯತ್ಯಾಸವಿದೆ. ಓಬವ್ವನ ಕಥೆ ದಾಖಲೆಯಲ್ಲಿ ಹೆಸರಿಲ್ಲದ ಕಾವಲುಗಾರನ ಹೆಂಡತಿಯೊಬ್ಬಳನ್ನು ಮುಂದಕ್ಕೆ ತಂದಿತು. ತೋಪಿನ ಕಥೆ ಜನರನ್ನು ಹಿಂದಕ್ಕೆ ತಳ್ಳುತ್ತದೆ. ತೀರ್ಮಾನ ಮಾಡಿದವರೂ ಅದರಲ್ಲಿ ಇಲ್ಲ, ಸತ್ತವರೂ ಇಲ್ಲ. ಕಬ್ಬಿಣ ಮಾತ್ರ ಇದೆ, ಮತ್ತು ನಗು ಇದೆ. ಈ ಐತಿಹ್ಯದ ಬಗೆಗೆ ನನ್ನ ತಕರಾರು ಅದು ಸುಳ್ಳೆಂಬುದಲ್ಲ. ಜಾನಪದ ವಿದ್ಯಾರ್ಥಿಗೆ ಸುಳ್ಳು ದೊಡ್ಡ ದೋಷವಲ್ಲ. ಅದು ಯಾರನ್ನು ಮರೆಸುತ್ತದೆ ಎಂಬುದನ್ನು ನೋಡಬೇಕು.

ಇದೇ ಕರಾವಳಿಗೆ ಸಂಬಂಧಿಸಿದ ಹಳೆಯ ಮಲಯ ಕಥೆಯೊಂದು ಈ ದೃಷ್ಟಿಯಿಂದ ಎಷ್ಟೋ ಪ್ರಾಮಾಣಿಕವಾಗಿದೆ. 'ಸೆಜಾರಾ ಮೆಲಾಯು' ಎಂಬ ಮಲಯ ಚರಿತ್ರಕಥನದಲ್ಲಿ ಅದು ಬರುತ್ತದೆ. ಒಮ್ಮೆ ಸಿಂಗಪುರದ ತೀರಕ್ಕೆ ಕತ್ತಿಮೂತಿಯ ಮೀನುಗಳು ದಂಡೆತ್ತಿ ಬಂದವಂತೆ. ಅರಸ ತನ್ನ ಪ್ರಜೆಗಳನ್ನು ದಡದಲ್ಲಿ ಸಾಲಾಗಿ ನಿಲ್ಲಿಸಿ ಅವರ ಮೊಣಕಾಲುಗಳನ್ನೇ ಬೇಲಿಯಾಗಿಸಿದ. ಜನ ತಿವಿತಕ್ಕೆ ಸಿಕ್ಕು ಸತ್ತರು. ಆಗ ಒಬ್ಬ ಹುಡುಗ, ಬಾಳೆಯ ದಿಂಡುಗಳನ್ನು ನೆಡಬಾರದೇಕೆ ಎಂದ. ಹಾಗೆ ಮಾಡಿದಾಗ ಮೀನುಗಳ ಮೂತಿ ದಿಂಡಿಗೆ ಸಿಕ್ಕಿಕೊಂಡು ಊರು ಉಳಿಯಿತು. ಇಷ್ಟು ಬುದ್ಧಿಯವನು ಮುಂದೆ ಅಪಾಯವೆಂದು ಅರಸ ಆ ಹುಡುಗನನ್ನು ಕೊಲ್ಲಿಸಿದ. ಅವನ ನೆತ್ತರು ಹರಿದು ಕೆಂಪಾದದ್ದೇ ಬುಕಿಟ್ ಮೇರಾ, ಎಂದರೆ ಕೆಂಪು ಗುಡ್ಡ, ಎಂದು ಜನ ಹೇಳುತ್ತಾರೆ. ಆ ಹೆಸರಿನ ಬಡಾವಣೆ ಸೆಂತೋಸಾದ ಎದುರು ದಡದಿಂದ ದೂರವಿಲ್ಲ. ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನು ಕೇಳಿ ಬೆಳೆದವರಿಗೆ ಅದರ ಒಳಮಾತು ತಿಳಿಸಿ ಹೇಳಬೇಕಾಗಿಲ್ಲ. ಮನುಷ್ಯರ ಕಾಲುಗಳನ್ನು ಗೋಡೆ ಮಾಡಿದವನಾರು ಎಂಬುದನ್ನು ಆ ಕಥೆ ಮುಚ್ಚಿಡುವುದಿಲ್ಲ. 1942ರ ಜನವರಿಯಲ್ಲಿ, ಮಲಯ ಆಗಲೇ ಕೈಬಿಡುತ್ತಿದ್ದಾಗ, ಅರೆ ತರಬೇತಿಯ ಎಳೆಯ ಸಿಪಾಯಿಗಳನ್ನು ಭಾರತದಿಂದ ಹಡಗಿನಲ್ಲಿ ತಂದು ಸಿಂಗಪುರದಲ್ಲಿ ಇಳಿಸಲಾಯಿತು. ಮೀನುಗಳ ಕಥೆಯನ್ನು ಓದುವಾಗ ನನಗೆ ನೆನಪಾಗುವುದು ಅವರು.

ದ್ವೀಪದ ಹೆಸರಿನ ವಿಷಯವನ್ನೂ ಇಲ್ಲಿ ಹೇಳಬೇಕು. ಸೆಂತೋಸಾ ಎಂಬುದು ಇತ್ತೀಚಿನ ಹೆಸರು. ಸಿಂಗಪುರ ಸರ್ಕಾರ 1970ರ ದಶಕದ ಆರಂಭದಲ್ಲಿ ಇದನ್ನು ವಿಹಾರತಾಣವಾಗಿ ಮಾರ್ಪಡಿಸುವಾಗ ಇಟ್ಟದ್ದು. ಮಲಯ ಭಾಷೆಯಲ್ಲಿ ಶಾಂತಿ, ನೆಮ್ಮದಿ ಎಂಬ ಅರ್ಥ. ಮೂಲ ನಮ್ಮ 'ಸಂತೋಷ'ವೇ. ಅದಕ್ಕೆ ಮೊದಲಿನ ಹೆಸರು ಪುಲಾವ್ ಬೆಲಾಕಾಂಗ್ ಮಾತಿ. ಪುಲಾವ್ ಎಂದರೆ ದ್ವೀಪ, ಬೆಲಾಕಾಂಗ್ ಎಂದರೆ ಬೆನ್ನು ಅಥವಾ ಹಿಂಬದಿ, ಮಾತಿ ಎಂದರೆ ಸಾವು, ಸತ್ತ. ಈ ಹೆಸರಿಗೆ ಹಲವು ವಿವರಣೆಗಳಿವೆ. ಕಡಲ್ಗಳ್ಳರು ಇಲ್ಲಿ ಜನರನ್ನು ಕೊಲ್ಲುತ್ತಿದ್ದರೆಂಬುದು ಒಂದು. ಪಕ್ಕದ ಬ್ರಾನಿ ದ್ವೀಪದಲ್ಲಿ, ಎಂದರೆ 'ಧೀರ'ರ ದ್ವೀಪದಲ್ಲಿ, ಹೂಳಿದ ಯೋಧರ ಆತ್ಮಗಳು ಇಲ್ಲಿ ನೆಲೆಸುತ್ತವೆಂಬುದು ಇನ್ನೊಂದು. 1840ರ ದಶಕದಲ್ಲಿ ಇಲ್ಲಿಯ ನಿವಾಸಿಗಳು ಜ್ವರದಿಂದ ಸತ್ತದ್ದರಿಂದ ಈ ಹೆಸರು ಬಂತೆಂಬುದು ಮತ್ತೊಂದು. ಕೊನೆಯದನ್ನು ಒಪ್ಪುವಂತಿಲ್ಲ. ಎರೇಡಿಯಾ ಎಂಬ ಪೋರ್ಚುಗೀಸ್ ನಕ್ಷೆಗಾರ 1604ರಲ್ಲಿ ಮಾಡಿದ ನಕ್ಷೆಯಲ್ಲೇ 'ಬ್ಲಕಾನ್ ಮಾತಿ' ಇದೆ. ಹೆಸರು ಮೊದಲು, ಸಾವು ಆಮೇಲೆ; ಸಾವು ಬಂದಾಗ ಜನ ಅದನ್ನು ಹಳೆಯ ಹೆಸರಿಗೆ ಜೋಡಿಸಿದರು. ನಮ್ಮ ಸ್ಥಳನಾಮ ಅಧ್ಯಯನಗಳಲ್ಲಿ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ.

ಹೆಸರು ತೊಳೆದ ಮಾತ್ರಕ್ಕೆ ನೆಲದ ನೆನಪು ಹೋಗುವುದಿಲ್ಲ. ಶರಣಾಗತಿಯ ಮೂರನೆಯ ದಿನದಿಂದ, ಎಂದರೆ 1942ರ ಫೆಬ್ರುವರಿ 18ರಿಂದ ಮಾರ್ಚ್ 4ರವರೆಗೆ, ಜಪಾನಿನ ಸೇನೆ ಸಿಂಗಪುರದ ಚೀನೀ ಗಂಡಸರನ್ನು ಕೂಡಿಹಾಕಿ, ತಮಗೆ ವಿರೋಧಿಗಳೆಂದು ಕಂಡವರನ್ನು ಕೊಂದಿತು. ಸತ್ತವರ ಸಂಖ್ಯೆಯ ಅಂದಾಜು 5,000ದಿಂದ 50,000ದವರೆಗೆ ಹರಡಿದೆ. ಕೆಲವರನ್ನು ಬಂದರಿನಿಂದ ದೋಣಿಯಲ್ಲಿ ಕೊಂಡೊಯ್ದು ಬೆಲಾಕಾಂಗ್ ಮಾತಿಯ ಬಳಿಯ ನೀರಿನಲ್ಲಿ ಗುಂಡಿಟ್ಟರು. ದಡಕ್ಕೆ ಬಂದ ಸುಮಾರು 300 ಶವಗಳನ್ನು ಹೂಳಿದವರು, ಈ ದ್ವೀಪದಲ್ಲೇ ಶರಣಾಗಿ ಸೆರೆಗೆ ಕಾಯುತ್ತಿದ್ದ ಬ್ರಿಟಿಷ್ ತೋಪಚಿಗಳು. ಅವರ ತೋಪುಗಳು ಆಗ ಮೌನವಾಗಿದ್ದವು. ಆ ಜಾಗ ಇಂದು ಗಾಲ್ಫ್ ಮೈದಾನದ ಬದಿಯಲ್ಲಿದೆ, ಅಲ್ಲೊಂದು ಫಲಕವಿದೆ.

ಸಿಲೋಸೊದ ಪ್ರದರ್ಶನದಲ್ಲಿ ಮೇಣದ ಬೊಂಬೆಗಳ ಮೂಲಕ ಎರಡು ಶರಣಾಗತಿಗಳನ್ನು ತೋರಿಸಿದ್ದಾರೆ: 1942ರ ಬ್ರಿಟಿಷರದು, 1945ರ ಸೆಪ್ಟೆಂಬರ್ 12ರ ಜಪಾನೀಯರದು. ಮೇಜಿನ ಸುತ್ತ ಕುಳಿತವರೆಲ್ಲ ಅಧಿಕಾರಿಗಳು. ಇನ್ನೊಂದು ಕಡೆ ಕೋಟೆಯ ದಿನಚರಿಯ ಚಿತ್ರಣವಿದೆ. ಅಡುಗೆ, ಬಟ್ಟೆ ಒಗೆಯುವುದು, ದರ್ಜಿ ಕೆಲಸ. ಸಿಂಗಪುರದ ನಡುವೆ 'ಧೋಬಿ ಘಾಟ್' ಎಂಬ ಹೆಸರು ಉಳಿದಿರುವುದು ಭಾರತದಿಂದ ಹೋದ ಅಗಸರಿಂದ. ಆದರೆ ಭಾರತೀಯರು ಅಲ್ಲಿದ್ದದ್ದು ಬಟ್ಟೆ ಒಗೆಯಲು ಮಾತ್ರವಲ್ಲ. ಪರ್ಸಿವಲ್‌ನ ಸೇನೆಯಲ್ಲಿ ಸುಮಾರು ಅರ್ಧ ಭಾಗ ಭಾರತೀಯರು. ಹಾಂಗ್‌ಕಾಂಗ್ ಮತ್ತು ಸಿಂಗಪುರ ರಾಯಲ್ ಆರ್ಟಿಲರಿ ಎಂಬ ತೋಪಿನ ಪಡೆಯಲ್ಲಿ ಸಿಖ್ಖರೂ ಪಂಜಾಬಿ ಮುಸಲ್ಮಾನರೂ ಇದ್ದರು. ಶರಣಾಗತಿಯ ಎರಡು ದಿನಗಳ ಮೇಲೆ ಫೆರರ್ ಪಾರ್ಕ್ ಮೈದಾನದಲ್ಲಿ ಸುಮಾರು 45,000 ಭಾರತೀಯ ಸೈನಿಕರನ್ನು ಒಟ್ಟುಗೂಡಿಸಿ ಬ್ರಿಟಿಷರು ಜಪಾನೀಯರಿಗೆ ಒಪ್ಪಿಸಿದರು. ಅಲ್ಲಿಂದ ಆಜಾದ್ ಹಿಂದ್ ಫೌಜಿನ ಕಥೆ ಮೊದಲಾಗುತ್ತದೆ. ಅದು ನಮಗೆ ಗೊತ್ತಿರುವ ಭಾಗ. ಫೌಜಿಗೆ ಸೇರದವರಲ್ಲಿ ಸಾವಿರಾರು ಜನರನ್ನು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿ ಕೆಲಸಕ್ಕೆ ಸಾಗಿಸಲಾಯಿತು. ಹೋದವರಲ್ಲಿ ಬಹಳ ಮಂದಿ ಹಿಂದಿರುಗಲಿಲ್ಲ.

ಈಗ ನಾನು ಆರಂಭದಲ್ಲಿ ಹೇಳಿದ ಎರಡನೆಯ ಕಾರಣಕ್ಕೆ ಬರುತ್ತೇನೆ. ಸಿಂಗಪುರದಲ್ಲಿ ಸೆರೆಯಾದ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಪದಾತಿ ಪಡೆಯ 1ನೇ ಬೆಟಾಲಿಯನ್ ಕೂಡ ಒಂದು. ಹೈದರಾಬಾದು, ಬಹಾವಲ್ಪುರ, ಜೀಂದ್, ಕಪೂರ್ತಲಾ ಸಂಸ್ಥಾನಗಳ ಪಡೆಗಳಂತೆ ಇದನ್ನೂ ವಿಮಾನ ನಿಲ್ದಾಣಗಳ ಕಾವಲಿಗೆ ಮಲಯಕ್ಕೆ ಕಳಿಸಲಾಗಿತ್ತು. ಮೈಸೂರಿನ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಗೆದ್ದದ್ದು ನಮ್ಮಲ್ಲಿ ಓದಿದವರಿಗೆಲ್ಲ ಗೊತ್ತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಅದರ ಸ್ಮಾರಕವಿದೆ, ಪ್ರತಿವರ್ಷ ಆ ದಿನವನ್ನು ನೆನೆಯುತ್ತಾರೆ. ಸಿಂಗಪುರದಲ್ಲಿ ಸೆರೆಸಿಕ್ಕ ಮೈಸೂರು ಸಿಪಾಯಿಗಳ ಬಗೆಗೆ ನಮ್ಮಲ್ಲಿ ಅಂಥ ಮಾತಿಲ್ಲ. ಗೆಲುವಿಗೆ ಹಾಡಿದೆ, ಸೆರೆಗೆ ಹಾಡಿಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ಆದರೆ ಹಾಡು, ಲಾವಣಿಗಳಲ್ಲಿ ಸಿಕ್ಕದ್ದು ಕೆಲವೊಮ್ಮೆ ಆಚರಣೆಯಲ್ಲಿ ಸಿಕ್ಕುತ್ತದೆ.

ಇಪ್ಪತ್ತು ವರ್ಷಗಳ ಹಿಂದೆ ಡಾಕ್ಟರೇಟ್ ಅಧ್ಯಯನಕ್ಕಾಗಿ ನಾನು ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಪಿತೃಪಕ್ಷದ ಆಚರಣೆಗಳನ್ನು ದಾಖಲಿಸುತ್ತಿದ್ದೆ. ಒಂದು ಮನೆಯಲ್ಲಿ ಹಿರಿಯರಿಗೆ ಇಟ್ಟ ಎಡೆಗಳ ಸಾಲಿನಿಂದ ಸ್ವಲ್ಪ ದೂರಕ್ಕೆ, ಬಾಗಿಲ ಕಡೆಗೆ, ಮತ್ತೊಂದು ಎಡೆ ಇತ್ತು. ಅದರ ಮುಂದೆ ಮಡಿಸಿಟ್ಟ ಪಂಚೆ, ಒಂದು ಕಟ್ಟು ಬೀಡಿ. ಇದು ಯಾರದೆಂದು ಕೇಳಿದೆ. ಮನೆಯ ಅಜ್ಜಿ ಹೇಳಿದರು: "ಅದು ಸಿಂಗಪುರದವ್ರ ಎಡೆ ಕಣಪ್ಪ. ನಮ್ ಭಾವನೋರು. ಮಾರಾಜ್ರ ಪಲ್ಟನ್‌ಗೆ ಸೇರಿದ್ರು. ನಾನು ಈ ಮನೆಗೆ ಬರೋ ಹೊತ್ಗೆ ಹೋಗ್ಬಿಟ್ಟಿದ್ರು. ನಾನು ಅವ್ರ ಮಕ ಕಂಡಿಲ್ಲ." ಬೇರೆಯಾಗಿ ಏಕೆ ಇಟ್ಟಿದ್ದೀರಿ ಎಂದೆ. "ಸತ್ರು ಅಂತ ಯಾರೂ ಬಂದು ಹೇಳ್ಲಿಲ್ವಲ್ಲ. ಒಳಗಿಟ್ರೆ ಸತ್ತವ್ರ ಜೊತೆ ಸೇರ್ಸಿದಂಗಾಯ್ತದೆ, ಇಡ್ದಿದ್ರೆ ಹಸ್ಕೊಂಡಿರ್ತಾರೆ."

ಸತ್ತ ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುವುದು ನಮ್ಮ ನಾಡಿನ ಸಾಮಾನ್ಯ ಪದ್ಧತಿ. ಆದರೆ ಸತ್ತದ್ದೇ ಖಚಿತವಿಲ್ಲದವನಿಗೆ ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ ಮಾಡಿಕೊಟ್ಟದ್ದು ಆ ಮನೆಯ ಹೆಣ್ಣುಮಕ್ಕಳ ವಿವೇಕ. ನಾನು ಆಗ ಅದನ್ನು ಟಿಪ್ಪಣಿ ಪುಸ್ತಕದಲ್ಲಿ 'ಪ್ರಾದೇಶಿಕ ಭಿನ್ನತೆ' ಎಂಬ ತಲೆಬರಹದಡಿ ಬರೆದುಕೊಂಡು ಮುಂದೆ ಹೋದೆ. ಸಿಂಗಪುರದವರು ಎಂಬ ಮಾತನ್ನು ಬೆನ್ನು ಹತ್ತಬೇಕೆಂದು ತೋಚಲಿಲ್ಲ. ಸಂಶೋಧಕನಾಗಿ ನಾನು ಮಾಡಿದ ತಪ್ಪುಗಳಲ್ಲಿ ಇದು ಸಣ್ಣದಲ್ಲ.

ಸಿಲೋಸೊ ನೋಡಿದ ಮರುದಿನ ನಾನು ಕ್ರಾಂಜಿಗೆ ಹೋದೆ. ದ್ವೀಪದ ಉತ್ತರಕ್ಕೆ, ಜಪಾನೀಯರು ದಾಟಿ ಬಂದ ಜಲಸಂಧಿಯ ಕಡೆಗೆ ಇಳಿಜಾರಾದ ಗುಡ್ಡದ ಮೇಲೆ ಯುದ್ಧಸ್ಮಾರಕವಿದೆ. 1957ರಲ್ಲಿ ಅನಾವರಣಗೊಂಡ ಈ ಸ್ಮಾರಕದ ಕಂಬಗಳ ಮೇಲೆ ಸಮಾಧಿ ಇಲ್ಲದ 24,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಪಡೆಗಳ ಪ್ರಕಾರ ಕೆತ್ತಿದ್ದಾರೆ. ಸುಟ್ಟು ಸಂಸ್ಕಾರ ಮಾಡಿದ ಸುಮಾರು 800 ಜನರಿಗೆ ಬೇರೆಯೇ ಒಂದು ಸ್ಮಾರಕವಿದೆ. ಅವರಲ್ಲಿ ಹೆಚ್ಚಿನವರು ಭಾರತೀಯರು. ಭಾರತೀಯ ಸಂಸ್ಥಾನಗಳ ಪಡೆಗಳ ನಡುವೆ ಮೈಸೂರಿನ ಹೆಸರನ್ನು ಹುಡುಕಿ ಓದಿದೆ. ಆ ಅಜ್ಜಿ ತಮ್ಮ ಭಾವನ ಹೆಸರು ಹೇಳಿರಲಿಲ್ಲ. ಅವರ ಕಾಲದ ಹೆಂಗಸರು ಹೇಳುವವರಲ್ಲ, ನಾನೂ ಬೇರೆಯವರಿಂದ ಕೇಳಿಕೊಂಡಿರಲಿಲ್ಲ. ಹಾಗಾಗಿ ಕಂಬದ ಮುಂದೆ ನಿಂತ ನನಗೆ ಯಾವ ಹೆಸರನ್ನು ಹುಡುಕಬೇಕೆಂದು ತಿಳಿಯಲಿಲ್ಲ.

ಊರಿಗೆ ಮರಳಿದ ಮೇಲೆ ಒಂದು ಸಂಗತಿ ಹೊಳೆಯಿತು. ಸಿಂಗಪುರ ಬಿದ್ದ 1942ರ ಫೆಬ್ರುವರಿ 15 ಚೀನೀಯರ ಹೊಸ ವರ್ಷದ ದಿನ. ಅವರ ವರ್ಷ ಹುಟ್ಟುವುದು ಅಮಾವಾಸ್ಯೆಯ ದಿನ. ನಮ್ಮ ಲೆಕ್ಕಕ್ಕೆ ಅಂದು ಮಾಘ ಬಹುಳ ಅಮಾವಾಸ್ಯೆ, ಶಿವರಾತ್ರಿ ಕಳೆದ ಕೂಡಲೇ ಬರುವುದು. ಆ ಹಳ್ಳಿಗೆ ಮತ್ತೆ ಹೋದೆ. ಅಜ್ಜಿ ತೀರಿಹೋಗಿ ವರ್ಷಗಳಾಗಿದ್ದವು. ಎಡೆಯ ಕೆಲಸ ಈಗ ಸೊಸೆಯದು. ಸಿಂಗಪುರದವರ ಪೂರ್ತಿ ಹೆಸರನ್ನು ಈ ಸಲ ಕೇಳಿ ಬರೆದುಕೊಂಡೆ. ಅಮಾವಾಸ್ಯೆಯ ವಿಷಯ ಹೇಳಿದಾಗ ಆಕೆ ಬೆರಳೆಣಿಸಿ ನೋಡಿದರು. "ಶಿವ್‌ರಾತ್ರಿ ಅಮಾಸೆ ಅನ್ನಿ" ಎಂದರು. ಸ್ವಲ್ಪ ಹೊತ್ತು ಯೋಚಿಸಿ, "ಅವತ್ತು ಸೆರೆ ಸಿಕ್ಕಿದ್ದು ತಾನೆ ಸಾರ್, ಸತ್ತಿದ್ದಲ್ವಲ್ಲ. ನಾವು ಮಾಲಯ ಅಮಾಸೆಗೇ ಇಡ್ತೀವಿ. ನಮ್ಮತ್ತೆ ಅಲ್ಲೇ ಬಾಗ್ಲತಾವ ಇಡು ಅಂದವ್ರೆ" ಎಂದರು.